ಔಷಧಿ ಹಾಕದ ತಟ್ಟೆ

ಕಾರು ಹತ್ತಿದ ಕೂಡಲೇ ತಾನು ಉಸಿರು ಬಿಗಿಹಿಡಿಯುತ್ತೇನೆ ಎಂಬುದನ್ನು ಅವಳು ಈ ದಿನ ಬೆಳಗ್ಗೆ ಹಲ್ಲುಜ್ಜುತ್ತಿರುವಾಗ ಮೊದಲ ಸಲ ತನಗೆ ತಾನೇ ಒಪ್ಪಿಕೊಂಡಳು. ದೊಡ್ಡ ವಿಷಯವೇನಲ್ಲ. ಅಪ್ಪ ಕೀಲಿ ತಿರುಗಿಸಿ, ಎಸಿಯ ಗುಂಡಿ ಒತ್ತಿ, ಗೇಟು ದಾಟಿ, ಬೀದಿಯ ಕೊನೆಯ ಹೊಲಿಗೆ ಅಂಗಡಿಯ ಹತ್ತಿರ ತಿರುಗುವ ತನಕ, ಅಂದರೆ ಹೆಚ್ಚೆಂದರೆ ಮುಕ್ಕಾಲು ನಿಮಿಷ, ಯಾರೋ ಮೂಗು ಚಿವುಟಿದ ಹಾಗೆ ಬಾಯಿ ಮುಚ್ಚಿ ಕೂತಿರುವುದು. ಆ ಮುಕ್ಕಾಲು ನಿಮಿಷದ ಗಾಳಿಯಲ್ಲಿ ಮಾತ್ರ ಅದು ಇರುತ್ತದೆ, ಒದ್ದೆ ಕಾಲುಚೀಲವನ್ನು ಡಬ್ಬಿಯೊಳಗೆ ಹಾಕಿ ಮರೆತಂಥ ವಾಸನೆ. ಆಮೇಲೆ ಲವಂಗ, ನಿಂಬೆಹುಲ್ಲುಗಳ ಘಮ ಮೇಲೆದ್ದು ಅದನ್ನು ಮುಚ್ಚಿಬಿಡುತ್ತದೆ. ಡೈರಿಯಲ್ಲಿ ಇದನ್ನು ಬರೆದಿರಲಿಲ್ಲ. ಹನ್ನೊಂದು ದಿನದಿಂದ ಡೈರಿಯಲ್ಲಿ ಬಿಸಿಲು, ಓದಿದ ಪುಸ್ತಕ, ಎದುರುಮನೆಯ ಬೆಕ್ಕು ಇಷ್ಟೇ. ತಾನೊಬ್ಬಳೇ ಓದುವ ಹಾಳೆಯಲ್ಲೂ ಮುಖ ತಪ್ಪಿಸಿಕೊಂಡು ಓಡಾಡುವವಳನ್ನು ಏನೆನ್ನಬೇಕು? ನೊರೆ ಉಗುಳಿ, ನಲ್ಲಿ ನಿಲ್ಲಿಸಿ, ಕನ್ನಡಿಯಲ್ಲಿ ತನ್ನ ಬಾಯಿಯನ್ನು ನೋಡಿದಳು. ಉಸಿರು ಹಿಡಿಯುವುದು ತನ್ನಿಂದ ಆಗುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ಅತ್ತೆಯಿಂದ ಆಗುವುದಿಲ್ಲ. ಹಿಡಿಯಬೇಕೆಂದು ಅತ್ತೆಗೆ ಗೊತ್ತೇ ಇಲ್ಲವಲ್ಲ.

ಅಪ್ಪ ಆಗಲೇ ಕಾರು ಒರೆಸಿ ನಿಂತಿದ್ದ. ಇಪ್ಪತ್ತೆರಡು ವರ್ಷದಿಂದ ಬಾಡಿಗೆ ಕಾರು ಓಡಿಸುವವನು. ಬೇರೆಯವರು ಮುಖ ತೊಳೆಯುವಷ್ಟೇ ಸಹಜವಾಗಿ ಬೆಳಗ್ಗೆ ಗಾಜು ತೊಳೆಯುತ್ತಾನೆ. ವಾರಕ್ಕೊಂದು ದಿನ ಬಾಡಿಗೆ ಒಪ್ಪಿಕೊಳ್ಳುವುದಿಲ್ಲ. ಅದು ಅವನ ಅಕ್ಕನ ಆಸ್ಪತ್ರೆಯ ದಿನ. ಅತ್ತೆ ತಲೆಗೆ ಸುತ್ತಿದ ನೀಲಿ ಬಟ್ಟೆಯನ್ನು ಎರಡು ಕೈಯಿಂದಲೂ ಒತ್ತಿ ಸರಿಮಾಡಿಕೊಳ್ಳುತ್ತ, ಮೆಟ್ಟಿಲಿಗೊಂದು ಉಸಿರಿನಂತೆ ಇಳಿದುಬಂದಳು. ಅವಳ ಸಂಗಡ ಕೆಮ್ಮೂ ಇಳಿದುಬಂತು. ದೊಡ್ಡ ಕೆಮ್ಮಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ ಹಾಗೆ ಒಂದು ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು. ಐದು ದಿನದಿಂದ ಆ ಕುರ್ಚಿ ಸರಿಯುತ್ತಲೇ ಇತ್ತು.

"ಏನೇ ಮೌನಗೌರಿ," ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಳು. "ಇವತ್ತಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಅದಕ್ಕೂ ಅರ್ಜಿ ಹಾಕ್ಬೇಕೋ?"

"ಅವಳ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸಿದೀಯ ಅಕ್ಕಾ, ಅವಳಿಗೆಲ್ಲಿ ಉಳಿದಿದೆ?" ಎಂದು ಅಪ್ಪ ಕೀಲಿ ತಿರುಗಿಸಿದ.

"ಕೂದಲು ಹೋಯ್ತು ಅಂತ ನಾಲಿಗೇನೂ ಹೋಗ್ಬೇಕಾ? ಅದಕ್ಕೆ ಡಾಕ್ಟ್ರು ಔಷಧಿ ಬರೆದಿಲ್ಲಪ್ಪ."

ಅವಳು ನಕ್ಕಳು. ನಗುವಾಗಲೂ ಉಸಿರು ಹಿಡಿದೇ ಇದ್ದುದರಿಂದ ಅದು ನಗುವಿನಂತೆ ಕಾಣಿಸದೆ ಮುಖ ಕಿವುಚಿದಂತೆ ಕಾಣಿಸಿರಬೇಕು. ಡ್ಯಾಶ್‌ಬೋರ್ಡಿನ ನಾಲ್ಕು ಕಿಂಡಿಗಳಿಂದ ಗಾಳಿ ಬಂತು. ಮೊದಲು ಅದು, ಹಿಂದೆಯೇ ಲವಂಗ. ಹೊಲಿಗೆ ಅಂಗಡಿ ದಾಟಿದ ಮೇಲೆ ಅವಳು ಮೆಲ್ಲಗೆ ಉಸಿರು ಬಿಟ್ಟು, ತನಗೆ ಮಾತ್ರ ಕೇಳುವ ಹಾಗೆ ಉಸಿರು ತೆಗೆದುಕೊಂಡಳು. ಹಿಂದೆ ಅತ್ತೆ ಮೂಗರಳಿಸಿ ಆ ಗಾಳಿಯನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದಳು. "ಏನು ಘಮಘಮ ಅಂತಿದೆ! ಆಸ್ಪತ್ರೆ ವಾಸನೆ ಕುಡಿದು ಕುಡಿದು ಸಾಕಾಗಿ ಹೋದವಳಿಗೆ ಇದೊಂದೇ ಸುಖ ಕಣೇ. ನಿನ್ನ ಕೈ ತಣ್ಣಗಿರಲಿ." ತಣ್ಣಗೇ ಇತ್ತು ಕೈ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಒಂಬತ್ತು ವರ್ಷದವಳಿದ್ದಾಗ ಶಾಲೆಯ ವೇದಿಕೆಯ ಮೇಲೆ ಪದ್ಯ ಹೇಳಲು ನಿಂತು, ಎರಡನೆಯ ಸಾಲಿನಾಚೆ ಏನೂ ನೆನಪಾಗದೆ, ಮುಂದೆ ಕೂತ ಇಡೀ ಸಭಾಂಗಣ ಒಂದೇ ದೊಡ್ಡ ಕಣ್ಣಿನಂತೆ ತನ್ನನ್ನು ನೋಡುತ್ತಿದ್ದಾಗಲೂ ಕೈ ಹೀಗೇ ತಣ್ಣಗಾಗಿತ್ತು. ಆಗ ಹಿಂದಿನ ಸಾಲಿನಿಂದ ಯಾರೋ ಪದ್ಯ ಮುಗಿಯಿತೆಂಬಂತೆ ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದರೆಂದು ಎಲ್ಲರೂ ತಟ್ಟಿದರು. ಇಳಿದು ಬಂದಾಗ ಅತ್ತೆ, "ಎರಡೇ ಸಾಲಾದ್ರೂ ಎಷ್ಟು ಸ್ಪಷ್ಟವಾಗಿ ಹೇಳಿದೆ!" ಅಂದಿದ್ದಳು. ಅಂದಿನಿಂದ ತನ್ನ ಮೌನಗಳನ್ನೆಲ್ಲ ಯಾರಾದರೂ ಹೀಗೆ ಚಪ್ಪಾಳೆ ತಟ್ಟಿ ದಾಟಿಸಿಬಿಡುತ್ತಾರೆ ಎಂಬ ಒಂದು ನಂಬಿಕೆ ಅವಳಲ್ಲಿ ಸೋಮಾರಿಯಾಗಿ ಕಾಲುಚಾಚಿ ಮಲಗಿತ್ತು.

ಅವಳು ಕೆಲಸ ಮಾಡುವುದು ಕಾರುಗಳ ಎಸಿ ರಿಪೇರಿ ಮಾಡುವ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ಸಸ್ಯಶಾಸ್ತ್ರದ ಪದವಿ ಹಿಡಿದು ಒಂದು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ. ಹಳೆಯ ಟೈರುಗಳನ್ನು ಹೊರಗೆ ಹಾಕಿಸಿ, ಗೋಡೆಗೆ ಬಿಳಿ ಬಣ್ಣ ಬಳಿಸಿ, ಬಾಗಿಲ ಮೇಲೆ 'ಪ್ರಯೋಗಶಾಲೆ' ಎಂದು ಬರೆಸಿದ ದಿನ ಯಜಮಾನ ಸ್ವತಃ ಬಂದು ಅವಳಿಗಾಗಿ ಕುರ್ಚಿ ಒರೆಸಿಕೊಟ್ಟಿದ್ದ. ಕೆಟ್ಟವನಲ್ಲ. ಎಸಿಯೊಳಗೆ ಬೂಷ್ಟು ಹಿಡಿದರೆ ಗಿರಾಕಿಗಳು ರಾಸಾಯನಿಕ ಹೊಡೆಸಲು ಹೆದರುತ್ತಾರೆ, ಗಿಡದೆಣ್ಣೆಯದಾದರೆ ಒಪ್ಪುತ್ತಾರೆ ಎಂಬುದು ಅವನಿಗೆ ಹೊಳೆದಿತ್ತು. ಲವಂಗದೆಣ್ಣೆ ಬೂಷ್ಟನ್ನು ತಡೆಯುತ್ತದೆಂದು ಪುಸ್ತಕದಲ್ಲಿ ಇದ್ದದ್ದನ್ನು ಅವಳೇ ತೋರಿಸಿದ್ದಳು. ಪ್ರಯೋಗ ಅವಳ ಪಾಲಿಗೆ ಬಂತು. ಯಾವ ಗಿರಾಕಿಯ ಕಾರಿಗೆ ಹತ್ತಿಯ ಕಡ್ಡಿ ಹಾಕಿ ಬೂಷ್ಟು ತೆಗೆಯಲಿ ಎಂದು ಕೇಳಲು ನಾಚಿಕೆಯಾಗಿ ಅಪ್ಪನ ಕಾರಿನದನ್ನೇ ತೆಗೆದಳು. ಅದನ್ನು ಐದು ಗಾಜಿನ ತಟ್ಟೆಗಳಲ್ಲಿ ಹಾಸಿದ, ಬೂಷ್ಟಿಗೆ ಆಹಾರವಾಗುವ ಅಗರಿನ ಅಂಟಿನ ಮೇಲೆ ಸವರಿದಳು. ಎರಡಕ್ಕೆ ಔಷಧಿ, ಮೂರಕ್ಕೆ ಏನೂ ಇಲ್ಲ. ಬೆಚ್ಚಗಿಡಲು ಇದ್ದದ್ದು ಒಂದೇ ಪೆಟ್ಟಿಗೆ, ಯಜಮಾನನ ಹಳೆಯ ಐಸ್ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು. ಅದರಲ್ಲಿ ನಾಲ್ಕು ತಟ್ಟೆ ಹಿಡಿದವು. ಔಷಧಿ ಹಾಕದ ಒಂದು ತಟ್ಟೆಗೆ ಜಾಗ ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

ಆರನೆಯ ದಿನ ಮುಚ್ಚಳ ತೆಗೆದಾಗ ಲವಂಗದ ಘಾಟು ಮುಖಕ್ಕೆ ಹೊಡೆಯಿತು. ಒಳಗೆ ನಾಲ್ಕು ತಟ್ಟೆಗಳೂ ಸ್ವಚ್ಛ. ನಾಲ್ಕೂ. ಔಷಧಿ ಹಾಕಿದವು ಸ್ವಚ್ಛ, ಹಾಕದವೂ ಸ್ವಚ್ಛ. ಇದರ ಅರ್ಥವೇನೆಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಿತ್ತು, ಆಮೇಲೆ ಗೊತ್ತಾಯಿತು ಎಂದು ಎಷ್ಟು ಸಲ ಹೇಳಿಕೊಂಡರೂ ಅದು ಸುಳ್ಳು. ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆಯ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಎಲ್ಲ ತಟ್ಟೆಗಳ ಮೇಲೂ ಕೂತು ಬೂಷ್ಟಿನ ಬಾಯಿ ಕಟ್ಟಿತ್ತು. ಗಾಳಿ ಸದಾ ನುಗ್ಗಿ ಹೊರಡುವ ಕಾರಿನಲ್ಲಿ ಆ ಆವಿ ನಿಲ್ಲುವುದಿಲ್ಲ. ಪ್ರಯೋಗ ಏನನ್ನೂ ಹೇಳಿರಲಿಲ್ಲ, ಮೊದಲಿನಿಂದ ಮಾಡಬೇಕಾಗಿತ್ತು. ಆದರೆ ಮಧ್ಯಾಹ್ನ ಯಜಮಾನ ಫೋಟೋ ತೆಗೆಯುವವನನ್ನು ಕರೆದುಕೊಂಡು ಬರುವವನಿದ್ದ. "ವ್ಯತ್ಯಾಸ ಕಣ್ಣಿಗೆ ಹೊಡೀಬೇಕಮ್ಮ, ಓದು ಬರದೋರಿಗೂ ಅರ್ಥ ಆಗ್ಬೇಕು," ಅಂದಿದ್ದ. ಆಗಲಿಲ್ಲ ಸಾರ್, ಇನ್ನೊಂದು ವಾರ ಬೇಕು ಎನ್ನಲು ಫೋನು ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಕಿಟಕಿಯ ಕಟ್ಟೆಯ ಮೇಲಿನ ತಟ್ಟೆ ಕಪ್ಪು, ಹಸಿರು, ಬೂದು ಬಣ್ಣದ ವೃತ್ತಗಳಿಂದ ತುಂಬಿ ಮುಚ್ಚಳಕ್ಕೆ ಅಂಟುವಷ್ಟು ಬೆಳೆದು, ಕರೆಯದೆಯೇ ಬಂದು ಬಾಗಿಲಲ್ಲಿ ನಿಂತ ನೆಂಟನ ಹಾಗೆ ಅವಳನ್ನು ನೋಡುತ್ತಿತ್ತು. ಅದನ್ನು ಎಡಗಡೆ ಇಟ್ಟಳು, ಪೆಟ್ಟಿಗೆಯಿಂದ ಔಷಧಿ ಹಾಕಿದ ಒಂದು ಸ್ವಚ್ಛ ತಟ್ಟೆಯನ್ನು ಬಲಗಡೆ. ಸುಳ್ಳಲ್ಲವಲ್ಲ, ಎಡಗಡೆಯದಕ್ಕೆ ಔಷಧಿ ಹಾಕಿರಲಿಲ್ಲ. ಪೆಟ್ಟಿಗೆಯಲ್ಲಿದ್ದ, ಔಷಧಿಯಿಲ್ಲದೆಯೂ ಸ್ವಚ್ಛವಾಗಿದ್ದ ಎರಡು ತಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಕಪಾಟಿನಲ್ಲಿಟ್ಟಳು. ಎಷ್ಟು ಶ್ರದ್ಧೆಯಿಂದ ಒರೆಸಿದಳೆಂದರೆ ಗಾಜು ಕಿರುಗುಟ್ಟಿತು.

"ಮೌನಗೌರಿ, ನಿದ್ದೆ ಬಂತಾ?" ಅತ್ತೆಯ ಮಾತು ಅರ್ಧದಲ್ಲಿ ಮುರಿದು ಕೆಮ್ಮಾಯಿತು. ಈ ಸಲ ಕುರ್ಚಿ ಎರಡು ಸಲವಲ್ಲ, ನಾಲ್ಕು ಸಲ ಸರಿಯಿತು.

"ಅಕ್ಕಾ, ಒಂದು ಕೆಲಸ ಮಾಡೋಣ," ಅಪ್ಪ ಕನ್ನಡಿಯಲ್ಲಿ ಅಕ್ಕನನ್ನು ನೋಡಿದ. "ಹೇಗೂ ಇವಳನ್ನ ಗ್ಯಾರೇಜಲ್ಲಿ ಇಳಿಸ್ಬೇಕು. ಅಲ್ಲೇ ಇನ್ನೊಂದು ಸಲ ಆ ಔಷಧಿ ಹೊಡೆಸಿಬಿಡ್ತೀನಿ. ನಿನ್ನ ಕೆಮ್ಮಿಗೆ ಧೂಳು ಗೀಳು ಏನಾದ್ರೂ ಕಾರಣ ಇದ್ರೆ ಹೋಗ್ಲಿ."

"ನಿನ್ನ ಮಗಳ ಔಷಧಿ ಮೇಲೆ ನಿನಗಿರೋ ನಂಬಿಕೆ ನನ್ನ ಡಾಕ್ಟ್ರ ಮೇಲಿಲ್ಲ ನೋಡು."

"ಡಾಕ್ಟ್ರು ನನ್ನ ಮಗಳಾ?"

ಕಾರಿಗೆ ಮೊದಲ ಸಲ ಆ ಔಷಧಿ ಹೊಡೆಸಿದ ಮೇಲೆ ಒಂದು ಆಸ್ಪತ್ರೆಯ ದಿನ ಡಾಕ್ಟರ ಕೋಣೆಯಲ್ಲಿ ಅವಳೂ ಇದ್ದಳು, ಅಪ್ಪನ ಹಿಂದೆ, ಬಾಗಿಲಿಗೆ ಅಂಟಿಕೊಂಡು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಹೇಳಿದ್ದರು: "ನಿಮ್ಮ ಮೈಯಲ್ಲಿ ಈಗ ಕಾವಲಿಗೆ ಯಾರೂ ಇಲ್ಲ ಅಂತ ತಿಳ್ಕೊಳ್ಳಿ. ಗಡ್ಡೆಗೆ ಕೊಡೋ ಔಷಧಿ ಅವರನ್ನೂ ಓಡಿಸಿದೆ. ಧೂಳು, ಕುಂಡದ ಮಣ್ಣು, ಬೂಷ್ಟು ಹಿಡಿದ ಗೋಡೆ, ಯಾವುದರ ಹತ್ತಿರಾನೂ ಹೋಗ್ಬೇಡಿ. ಬೇರೆಯವರಿಗೆ ಒಂದು ಸೀನಲ್ಲಿ ಹೋಗೋ ಬೂಷ್ಟು ನಿಮ್ಮ ಎದೇಲಿ ಬೇರು ಬಿಡುತ್ತೆ." ಅಪ್ಪ ಕಾರಿನ ಕಿಟಕಿಯ ಬಗ್ಗೆ ಕೇಳಿದ್ದ. ಮುಚ್ಚಿಕೊಂಡೇ ಬನ್ನಿ, ಎಸಿ ಹಾಕಿ, ಅದು ಸ್ವಚ್ಛವಾಗಿರಬೇಕು ಅಷ್ಟೇ ಅಂದಿದ್ದರು. ಅಪ್ಪ ಆಗ ಹಿಂದೆ ತಿರುಗಿ, ಅವಳ ಭುಜ ಹಿಡಿದು, ಶಾಲೆಯ ಬಹುಮಾನವನ್ನು ತೋರಿಸುವ ಹಾಗೆ ಮುಂದಕ್ಕೆ ಎಳೆದಿದ್ದ. "ಅದರ ಚಿಂತೆ ಬಿಡಿ ಡಾಕ್ಟ್ರೇ. ಪರೀಕ್ಷೆ ಮಾಡಿದೋಳೇ ಇವಳು." ಡಾಕ್ಟರು ಅವಳ ಕಡೆ ಮೆಚ್ಚುಗೆಯಿಂದ ತಲೆಯಾಡಿಸಿದ್ದರು. ಅವಳೂ ತಲೆಯಾಡಿಸಿದ್ದಳು. ಒಂದು ಮಾತೂ ಆಡದೆ ಸುಳ್ಳು ಹೇಳುವುದು ಎಷ್ಟು ಸುಲಭ. ಕತ್ತು ಸ್ವಲ್ಪ ಬಗ್ಗಿದರೆ ಸಾಕು.

ಆದರೂ ಹನ್ನೊಂದು ದಿನದ ಹಿಂದಿನ ತನಕ ಅವಳಿಗೊಂದು ಆಸೆ ಇತ್ತು. ಪ್ರಯೋಗ ಏನೂ ಹೇಳಿಲ್ಲವೆಂದರೆ ಔಷಧಿ ಕೆಲಸ ಮಾಡುವುದಿಲ್ಲವೆಂದೂ ಅಲ್ಲವಲ್ಲ. ಅಪ್ಪ ಊಟಕ್ಕೆಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಹೋದ ಹೊತ್ತಿನಲ್ಲಿ, ಎಸಿ ಮೇಸ್ತ್ರಿಯ ತಂತಿ ಕ್ಯಾಮೆರಾವನ್ನು ಯಾರಿಗೂ ಹೇಳದೆ ತಂದು, ಫಿಲ್ಟರು ತೆಗೆದ ಸಂದಿಯಿಂದ ಕೂಲಿಂಗ್ ಕಾಯಿಲ್‌ನ ತನಕ ತೂರಿಸಿದ್ದಳು. ಗಾಳಿಯೆಲ್ಲ ತಣ್ಣಗಾಗಿ ಬರುವುದು ಆ ಕಾಯಿಲನ್ನು ದಾಟಿಯೇ. ಫೋನಿನ ಪರದೆಯ ಮೇಲೆ ಮೊದಲು ಎಣ್ಣೆಯ ಹೊಳಪು ಕಾಣಿಸಿತು, ಆಮೇಲೆ ಆ ಹೊಳಪಿಗೆ ಅಂಟಿದ ಧೂಳು, ಆಮೇಲೆ ಧೂಳಿನಿಂದ ಎದ್ದು ನಿಂತ ಬೂದುಬಣ್ಣದ ರೋಮ. ಹುಟ್ಟಿದ ಮಗುವಿನ ಹಣೆಯ ಮೇಲಿರುವಂಥ ಮೆತ್ತನೆಯ ರೋಮ. ಗಾಳಿ ಊದುವ ಬ್ಲೋವರ್ ನಿಂತಿತ್ತು, ಆದರೂ ತಂತಿ ತಾಗಿದ್ದಕ್ಕೋ ಏನೋ ಅದು ಅಲುಗಿತು, ಉಸಿರಾಡಿದ ಹಾಗೆ. ಬೂಷ್ಟು ಸತ್ತಿರಲಿಲ್ಲ, ಎಣ್ಣೆಯ ಜಿಡ್ಡಿನಲ್ಲಿ ಕೂತ ಧೂಳನ್ನೇ ಉಂಡು ಮೊದಲಿಗಿಂತ ಹುಲುಸಾಗಿತ್ತು. ಹಿಂದೆ ಹೆಜ್ಜೆ ಸದ್ದಾಗಿ ಅವಳು ತಂತಿ ಎಳೆದುಕೊಂಡಾಗ ಮೇಸ್ತ್ರಿ ನಿಂತಿದ್ದ. ಪರದೆಯನ್ನು ನೋಡಿದನೋ ಇಲ್ಲವೋ. "ಡ್ಯಾಶ್‌ಬೋರ್ಡ್ ಬಿಚ್ಚಿ, ಕಾಯಿಲ್ ಹೊರಗೆ ತೆಗೆದು ತೊಳೀಬೇಕು. ಅರ್ಧ ದಿನದ ಕೆಲಸ," ಎಂದು ಗೋಡೆಗೆ ಹೇಳುವವನಂತೆ ಹೇಳಿದ. "ಈಗ ಯಾರೂ ಬಿಚ್ಚಿಸಲ್ಲ. ಓದಿದೋರು ಬರೆದುಕೊಟ್ಟ ಮೇಲೆ ಸ್ಪ್ಯಾನರ್ ಹಿಡಿಯೋನ ಮಾತು ಯಾರಿಗೆ ಬೇಕು?" ಕ್ಯಾಮೆರಾ ಇಸಿದುಕೊಂಡು ತಂತಿಯನ್ನು ಒರೆಸಿದ. ಒರೆಸಿದ ಬಟ್ಟೆಯನ್ನು ಅವಳೆದುರಿಗೇ ಮಡಿಸಿ ಡಬ್ಬಿಗೆ ಎಸೆದ. ಆವತ್ತು ಅವಳು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, ಅಪ್ಪನಿಗೆ ಹೇಳಬೇಕಾದ ವಾಕ್ಯವನ್ನು ಏಳು ರೀತಿಯಲ್ಲಿ ಜೋಡಿಸಿ ನೋಡಿದಳು. ಪ್ರತಿಯೊಂದು ರೀತಿಯಲ್ಲೂ ಕೊನೆಗೆ ಅಪ್ಪನ ಮುಖ ಬರುತ್ತಿತ್ತು. ನಾಳೆ ಹೇಳಿದರಾಯಿತು. ಮುಂದಿನ ಆಸ್ಪತ್ರೆಯ ದಿನದೊಳಗೆ ಹೇಳಿದರಾಯಿತು. ಆ ದಿನವೂ ಬಂದು ಹೋಗಿತ್ತು; ಅತ್ತೆ ಕಿಟಕಿ ಮುಚ್ಚಿಕೊಂಡು ಹೋಗಿ ಬಂದಿದ್ದಳು, ಎರಡು ದಿನದ ಮೇಲೆ ಕೆಮ್ಮು ಶುರುವಾಗಿತ್ತು.

ಗ್ಯಾರೇಜಿನ ಮುಂದೆ ಆಗಲೇ ಮೂರು ಕಾರುಗಳಿದ್ದವು. ಯಜಮಾನ ಗಿರಾಕಿಗಳಿಬ್ಬರನ್ನು ಬಿಟ್ಟು ಅಪ್ಪನ ಕಡೆಗೇ ಬಂದ. "ಬನ್ನಿ ಬನ್ನಿ, ವಿಜ್ಞಾನಿಗಳ ತಂದೆ! ನಿಮ್ಮ ಗಾಡಿ ನಮಗೆ ಮೊದಲನೇ ಗಾಡಿ, ಮರೆಯೋ ಹಾಗಿಲ್ಲ." ಆಮೇಲೆ ಆ ಗಿರಾಕಿಗಳಿಗೆ: "ನಾನು ಹೇಳಿದ್ನಲ್ಲ, ಪರೀಕ್ಷೆ ಮಾಡಿದ ಹುಡುಗಿ, ಇವರೇ. ಸ್ವಂತ ಮನೆಯವರ ಕಾರಿಗೇ ಹಾಕಿಸಿದಾರೆ ಅಂದ್ರೆ ನೀವೇ ಯೋಚನೆ ಮಾಡಿ." ಗಿರಾಕಿಗಳು ಅವಳನ್ನು ನೋಡಿದರು. ಅವಳು ತನ್ನ ಚಪ್ಪಲಿಯನ್ನು ನೋಡಿದಳು. "ನಾಚಿಕೆ ಸ್ವಭಾವ," ಎಂದು ಯಜಮಾನ ಅಭಿಮಾನದಿಂದ ನಕ್ಕ. ಮೇಸ್ತ್ರಿ ಔಷಧಿಯ ಡಬ್ಬಿ ಕುಲುಕುತ್ತ ಬಂದು, ಯಾರ ಮುಖವನ್ನೂ ನೋಡದೆ, ಕಾರಿನ ಕಿಟಕಿಗಳನ್ನು ಒಂದೊಂದಾಗಿ ಏರಿಸಿದ.

ಔಷಧಿ ಹೊಡೆಯುವ ಹತ್ತು ನಿಮಿಷ ಅತ್ತೆಯನ್ನು ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಅವಳ ಪಕ್ಕದಲ್ಲಿ ನಿಂತಾಗ ಕೆಮ್ಮಿಲ್ಲದ ಹೊತ್ತಿನಲ್ಲೂ ಒಂದು ಸದ್ದು ಕೇಳಿಸಿತು. ಉಸಿರು ಒಳಗೆ ಹೋಗುವಾಗ ಇಲ್ಲ, ಹೊರಗೆ ಬರುವಾಗ ಮಾತ್ರ, ಕಾಗದವನ್ನು ನಿಧಾನವಾಗಿ ಮಡಿಸಿದ ಹಾಗೆ. ಎದುರಿನ ಗೋಡೆಯ ಮೇಲೆ ಆಳೆತ್ತರದ ಪೋಸ್ಟರು. ಎಡಗಡೆ ಕಪ್ಪು ತಟ್ಟೆ, ಬಲಗಡೆ ತಿಳಿನೀರಿನಂಥ ತಟ್ಟೆ, ಕೆಳಗೆ ನಾಲ್ಕು ಹಸಿರೆಲೆ.

"ಇದೇನಾ ನೀನು ಮಾಡಿದ್ದು?" ಅತ್ತೆ ಕಣ್ಣು ಕಿರಿದುಮಾಡಿ ನೋಡಿದಳು. "ಆ ಕಪ್ಪು ತಟ್ಟೇಲಿರೋದು ಯಾರ ಕಾರಿಂದು?"

"ನಮ್ಮದೇ."

"ಅಯ್ಯೋ ದೇವರೇ! ಇಂಥದ್ದು ನಮ್ಮ ಕಾರೊಳಗಿತ್ತಾ?" ಅತ್ತೆ ಅವಳ ಮೊಣಕೈ ಹಿಡಿದಳು. ಬೆರಳುಗಳಲ್ಲಿ ತೂಕವೇ ಇರಲಿಲ್ಲ. "ನೀನು ನೋಡದೇ ಇದ್ದಿದ್ರೆ ನಾನು ಅದನ್ನೇ ಉಸಿರಾಡ್ತಿದ್ದೆ. ಈಗ ಈ ಕಡೇದರ ಥರ ಆಗಿದೆ, ಅಲ್ವಾ?"

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು. ಹುಬ್ಬೂ ಉದುರಿದ್ದರಿಂದ ಆ ನೋಟಕ್ಕೆ ಚೌಕಟ್ಟೇ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಇದು ಬಾಯಿಮಾತಿನ ಪ್ರಶ್ನೆಯಲ್ಲ ಎಂದು ಅವಳಿಗನ್ನಿಸಿತು. ಅತ್ತೆ ಹೆದರಿದ್ದಾಳೆ, ಐದು ದಿನದಿಂದ ಹೆದರಿದ್ದಾಳೆ, ಯಾರಾದರೂ ಒಬ್ಬರು ಹೆದರಬೇಡ ಎನ್ನಲಿ ಎಂದು ಕೇಳುತ್ತಿದ್ದಾಳೆ.

"ಹೂಂ," ಅಂದಳು ಅವಳು.

ಅತ್ತೆ ಮೊಣಕೈ ಬಿಟ್ಟಳು. ಸಮಾಧಾನವಾಯಿತೆಂಬುದು ಅವಳ ಭುಜಗಳು ಇಳಿದ ರೀತಿಯಲ್ಲೇ ಕಾಣಿಸಿತು. ಅದನ್ನು ನೋಡಬಾರದಾಗಿತ್ತು. ಬೈದಿದ್ದರೆ, ಅನುಮಾನಿಸಿದ್ದರೆ ಸಹಿಸಬಹುದಿತ್ತು. ಒಂದು ಹೂಂಕಾರವನ್ನು ನಂಬಿ ಇಷ್ಟು ಬೇಗ ಹಗುರಾಗುವ ಜೀವವನ್ನು ಸಹಿಸುವುದು ಹೇಗೆ? ಯಜಮಾನ ಗಿರಾಕಿಗಳಿಗೆ ಎಲೆಗಳ ಹೆಸರು ಹೇಳುತ್ತಿದ್ದ. ಮೇಸ್ತ್ರಿ ಕಾರಿನ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ಒಳಗಿನಿಂದ ಲವಂಗದ ಘಾಟು ಮೈಯಿರುವ ಪ್ರಾಣಿಯಂತೆ ಹೊರಗೆ ಬಂತು. ಅಪ್ಪ ಅಕ್ಕನ ಕೈಹಿಡಿದು ಎಬ್ಬಿಸಿ ಕಾರಿನವರೆಗೆ ನಡೆಸಿದ. ನಾಲ್ಕು ಹೆಜ್ಜೆಯ ದಾರಿಯಲ್ಲಿ ಎರಡು ಸಲ ನಿಂತರು. ಅವಳ ತಲೆಯಲ್ಲಿ ಆ ಏಳು ವಾಕ್ಯಗಳೂ ಒಟ್ಟಿಗೆ ಎದ್ದವು. ಅಪ್ಪಾ, ಒಂದು ವಿಷಯ. ಅಪ್ಪಾ, ನೀನು ಬೈಯಲ್ಲ ಅಂದ್ರೆ. ಅಪ್ಪಾ, ಆ ದಿನ ಫೋಟೋದವನು ಬರೋನಿದ್ದ. ಒಂದೊಂದಕ್ಕೂ ಎಷ್ಟು ಉದ್ದದ ಬಾಲ! ಎಲ್ಲವೂ ತನ್ನಿಂದಲೇ ಶುರುವಾಗಿ ತನ್ನಲ್ಲೇ ಮುಗಿಯುತ್ತಿದ್ದವು. ಒಂದರಲ್ಲೂ ಅತ್ತೆ ಇರಲಿಲ್ಲ.

ಅಪ್ಪ ಕೂತು ಕಾರು ಚಾಲೂ ಮಾಡಿದ. ಬ್ಲೋವರ್ ಪೂರ್ತಿ ವೇಗದಲ್ಲಿ ಮೊರೆಯಿತು. ಅತ್ತೆಯ ನೀಲಿ ಬಟ್ಟೆಯ ಅಂಚು ಕಿಂಡಿಯ ಗಾಳಿಗೆ ಹಾರಿತು. ಅತ್ತೆ ಕಿಟಕಿಯ ಗಾಜನ್ನು ಅರ್ಧ ಇಳಿಸಿ, "ಸಂಜೆ ಬೇಗ ಬಾರೇ, ಜೊತೆಗೆ ಕೂತು..." ಎನ್ನುವಷ್ಟರಲ್ಲಿ ಕೆಮ್ಮು ಬಂದು, ಮಾತನ್ನು ಕೈಯಿಂದಲೇ ಮುಗಿಸಿ, ಹೋಗು ಎಂದು ಸನ್ನೆ ಮಾಡಿದಳು. ಕೆಮ್ಮು ನಿಲ್ಲಲಿಲ್ಲ. ಕೆಮ್ಮಿನ ನಡುವೆ ಅತ್ತೆ ಉಸಿರಿಗಾಗಿ ಬಾಯಿ ತೆರೆದಾಗ ಗಾಳಿ ನೇರ ಆ ಬಾಯೊಳಗೆ ನುಗ್ಗುವುದು ಕಣ್ಣಿಗೆ ಕಾಣಿಸಿದಂತಾಯಿತು.

ಅವಳು ಓಡಲಿಲ್ಲ. ನಡೆದೇ ಹೋಗಿ, ಏರುತ್ತಿದ್ದ ಗಾಜಿನ ಅಂಚಿನ ಮೇಲೆ ಕೈಯಿಟ್ಟಳು.

"ಕೈ ತೆಗಿಯಮ್ಮ, ಸಿಕ್ಕಿಹಾಕ್ಕೊಳ್ಳುತ್ತೆ," ಎಂದು ಅಪ್ಪ ಗಾಜು ನಿಲ್ಲಿಸಿದ.

ಅವಳು ಏನೋ ಅಂದಳು. ಬ್ಲೋವರಿನ ಮೊರೆತದಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

"ಏನೇ?" ಅತ್ತೆ ಕಣ್ಣೊರೆಸಿಕೊಂಡಳು.

"ಏನೋ ಮರೆತಿರ್ಬೇಕು, ಕೊಡಿ ಕೊಡಿ, ಹಿಂದೆ ಗಾಡಿ ನಿಂತಿದೆ," ಎಂದ ಯಜಮಾನ ಹಿಂದಿನಿಂದ. ಗಿರಾಕಿಗಳಿಬ್ಬರೂ ತಿರುಗಿ ನೋಡಿದರು. ಮೇಸ್ತ್ರಿ ಡಬ್ಬಿ ಕುಲುಕುವುದನ್ನು ನಿಲ್ಲಿಸಿದ. ಅವಳು ಬಾಗಿಲಿನ ಹಿಡಿಕೆ ಹಿಡಿದು ಎಳೆದಳು; ಬಾಗಿಲು ತೆರೆದುಕೊಂಡಿತು; ಘಾಟು ಅವಳ ಮುಖದ ಮೇಲೆ ಹರಿಯಿತು. ಅವಳು ಉಸಿರು ಹಿಡಿಯಲಿಲ್ಲ.

"ಪೆಟ್ಟಿಗೇಲಿ ಔಷಧಿ ಹಾಕದ ತಟ್ಟೆಗಳಲ್ಲೂ ಏನೂ ಬೆಳೆದಿರಲಿಲ್ಲ," ಎಂದಳು, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಾನು ಅವನ್ನ ತೊಳೆದು ಬಚ್ಚಿಟ್ಟೆ. ಈ ಕಾರಲ್ಲಿ ಬೂಷ್ಟು ಸತ್ತಿಲ್ಲ ಅತ್ತೆ, ಒಳಗೇ ಇದೆ, ಕಣ್ಣಾರೆ ನೋಡಿದೀನಿ. ಇಳಿ."